ಸೇಂಟ್ ಲೂಯಿಸ್, ಬಾಲ್ಟಿಮೋರ್, ಶಿಕಾಗೊ: ಕೊಲೆಗಳ ಪಟ್ಟಿ ನೋಡಿ ಊರು ಆರಿಸಬಹುದಾ?

ಏಪ್ರಿಲ್ ತಿಂಗಳ ಒಂದು ಶನಿವಾರ ಶಿವಮೊಗ್ಗದಿಂದ ಭಾವನ ವಿಡಿಯೋ ಕಾಲ್ ಬಂತು. ನನಗೆ ಬೆಳಿಗ್ಗೆ, ಅವರಿಗೆ ಸಂಜೆ. ಮುಖಕ್ಕಿಂತ ಮೊದಲು ಕಂಡದ್ದು ಲ್ಯಾಪ್‌ಟಾಪಿನ ಪರದೆ, ಅದರ ತುಂಬ ಒಂದು ಎಕ್ಸೆಲ್ ಶೀಟು. ಅಕ್ಕನ ಮಗಳು ಬಿಡಿಎಸ್ ಮುಗಿಸಿ ಪಬ್ಲಿಕ್ ಹೆಲ್ತ್ ಓದೋಕೆ ಅಮೆರಿಕಕ್ಕೆ ಅರ್ಜಿ ಹಾಕಿದ್ದಳು. ಮೂರು ಕಡೆ ಸೀಟು ಸಿಕ್ಕಿತ್ತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್, ನಾನಿರುವ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ, ಇನ್ನೊಂದು ಶಿಕಾಗೊದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯ. ಶೀಟಿನಲ್ಲಿ ಫೀಸು, ಬಾಡಿಗೆ, ಚಳಿ, ಟಿಕೆಟ್ ಖರ್ಚು ಅಂತ ಒಂದೊಂದು ಕಾಲಂ. ಕೊನೆಯ ಕಾಲಂಗೆ ಭಾವ ಕೆಂಪು ಬಣ್ಣ ತುಂಬಿದ್ದರು. ಅದರ ಮೇಲೆ ಬರೆದಿದ್ದದ್ದು 'ಕೊಲೆ'.

"ನೀನಿರೋ ಊರೇ ಫಸ್ಟು ಕಣಮ್ಮ. ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ವಲ್ಲ," ಅಂದರು.

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಪ್ರತಿ ವರ್ಷ ಮಾರ್ಚ್‌ನಿಂದ ಮೇ ತನಕ ಇಂಥ ಫೋನು ನನಗೆ ನಾಲ್ಕೈದಾದರೂ ಬರುತ್ತವೆ. ಯಾರದೋ ಸ್ನೇಹಿತರ ಮಗ, ಯಾರದೋ ನಾದಿನಿಯ ಮಗಳು. ನೆಟ್‌ನಲ್ಲಿ 'ಅಮೆರಿಕದ ಅತಿ ಅಪಾಯದ ಹತ್ತು ಊರುಗಳು' ಅಂತ ಒಂದು ಪಟ್ಟಿ ಸಿಗುತ್ತದೆ, ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಭಾವನ ಜೊತೆ ಅವತ್ತು ಎರಡು ಗಂಟೆ ಕೂತು ಆ ಕೆಂಪು ಕಾಲಂ ಬಿಡಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಕಳಿಸುವವರಿಗೂ, ಕೆಲಸ ಬದಲಿಸಿ ಊರು ಬಿಡುವವರಿಗೂ ಉಪಯೋಗವಾದೀತು.

ಒಟ್ಟು ಸಂಖ್ಯೆಯೋ, ಲಕ್ಷಕ್ಕೆ ಎಷ್ಟು ಅನ್ನುವುದೋ

2024ರ ಲೆಕ್ಕ ಇಟ್ಟುಕೊಳ್ಳೋಣ. ಪೊಲೀಸರ ಎಣಿಕೆಯ ಪ್ರಕಾರ ಶಿಕಾಗೊದಲ್ಲಿ 573 ಕೊಲೆ. ಬಾಲ್ಟಿಮೋರ್‌ನಲ್ಲಿ 201. ಸೇಂಟ್ ಲೂಯಿಸ್‌ನಲ್ಲಿ 150. ಟಿವಿಯಲ್ಲಿ ಯಾವಾಗಲೂ ಶಿಕಾಗೊ ಹೆಸರೇ ಕೇಳುವುದು ಇದಕ್ಕೇ. ಆದರೆ ಶಿಕಾಗೊದಲ್ಲಿ ಸುಮಾರು 27 ಲಕ್ಷ ಜನ ಇದ್ದಾರೆ. ಬಾಲ್ಟಿಮೋರ್‌ನಲ್ಲಿ 5.7 ಲಕ್ಷದ ಆಸುಪಾಸು. ಸೇಂಟ್ ಲೂಯಿಸ್ ನಗರದಲ್ಲಿ ಬರೀ 2.8 ಲಕ್ಷ. ಶಿವಮೊಗ್ಗದಲ್ಲಿ 2011ರ ಜನಗಣತಿಗೇ 3.2 ಲಕ್ಷ ದಾಟಿತ್ತು. ಅಂದರೆ ನಾನಿರುವ ಈ 'ಮಹಾನಗರ' ಭಾವನ ಊರಿಗಿಂತ ಚಿಕ್ಕದು.

ಅಮೆರಿಕದವರು ಕೊಲೆಯ ಪ್ರಮಾಣ ಹೇಳುವುದು ನೂರು ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಅಂತ. ನಮ್ಮ ಮಾತಿನಲ್ಲಿ ಲಕ್ಷಕ್ಕೆ ಎಷ್ಟು. ಭಾಗಿಸಿ ನೋಡಿದರೆ ಶಿಕಾಗೊ ಸುಮಾರು 21, ಬಾಲ್ಟಿಮೋರ್ 35, ಸೇಂಟ್ ಲೂಯಿಸ್ 53ರ ಹತ್ತಿರ. ಒಟ್ಟು ಸಂಖ್ಯೆಯಲ್ಲಿ ಕೊನೆಗಿದ್ದ ಊರು ಮೇಲೆ ಬಂತು, ಮೇಲಿದ್ದದ್ದು ಕೆಳಗಿಳಿಯಿತು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ 380ರಷ್ಟು ಕೊಲೆಯಾದವು, ಆದರೆ ಅಲ್ಲಿ 80 ಲಕ್ಷಕ್ಕೂ ಜಾಸ್ತಿ ಜನ. ಲಕ್ಷಕ್ಕೆ ಐದೂ ಇಲ್ಲ. ಇಡೀ ದೇಶದ ಸರಾಸರಿ ಐದು. ಬಾಸ್ಟನ್‌ನಲ್ಲಿ ಇಡೀ ವರ್ಷಕ್ಕೆ ಒಟ್ಟು 24 ಕೊಲೆ.

ಹಾಗಾಗಿ ಒಟ್ಟು ಸಂಖ್ಯೆ ಮಾತ್ರ ಕೊಡುವ ಸುದ್ದಿಯಿಂದ ಎರಡು ಊರುಗಳನ್ನು ತೂಗಿ ನೋಡೋಕೆ ಆಗಲ್ಲ. ಭಾವ ಈ ಕೆಲಸವನ್ನು ಆಗಲೇ ಮಾಡಿದ್ದರು. ಲಕ್ಷದ ಲೆಕ್ಕವನ್ನೇ ಹಾಕಿದ್ದರು. ಅವರು ಎಡವಿದ್ದು ಮುಂದಿನ ಮೆಟ್ಟಿಲಲ್ಲಿ.

ಊರು ಎಲ್ಲಿ ಮುಗಿಯುತ್ತದೆ?

ಸೇಂಟ್ ಲೂಯಿಸ್‌ನ ಕಥೆ ಸ್ವಲ್ಪ ಉದ್ದ. ಹೇಳಲೇಬೇಕು.

1876ರಲ್ಲಿ ಸೇಂಟ್ ಲೂಯಿಸ್ ನಗರ ತನ್ನ ಸುತ್ತಲಿನ ಕೌಂಟಿಯಿಂದ ಬೇರೆಯಾಯಿತು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಗರ ಆಗ ಶ್ರೀಮಂತ, ಸುತ್ತಲೂ ಹೊಲ ಗದ್ದೆ. ಹಳ್ಳಿಗಳ ರಸ್ತೆಗೆ ನಮ್ಮ ತೆರಿಗೆ ಯಾಕೆ ಹೋಗಬೇಕು ಅಂತ ಗಡಿ ಎಳೆದುಕೊಂಡರು. ಆ ಗೆರೆ ಇವತ್ತಿಗೂ ಅಲ್ಲೇ ಇದೆ. ನಗರ ಒಂದು ಇಂಚೂ ಬೆಳೆಯಲಿಲ್ಲ. 160 ಚದರ ಕಿಲೋಮೀಟರ್ ನೆಲ, ಅಷ್ಟೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೆದ್ದಾರಿಗಳು ಬಂದವು, ಕಾರಿದ್ದವರು ಗೆರೆಯ ಆಚೆ ಮನೆ ಕಟ್ಟಿಕೊಂಡರು. 1950ರಲ್ಲಿ ನಗರದ ಜನಸಂಖ್ಯೆ 8.5 ಲಕ್ಷ ದಾಟಿತ್ತು. ಈಗ ಅದರ ಮೂರನೇ ಒಂದು ಭಾಗ. ಸುತ್ತಮುತ್ತಲ ಪ್ರದೇಶವೆಲ್ಲ ಸೇರಿಸಿದರೆ 28 ಲಕ್ಷ ಜನ ಇದ್ದೇವೆ. ಅವರಲ್ಲಿ ನಗರದ ಒಳಗಿರುವವರು ಹತ್ತರಲ್ಲಿ ಒಬ್ಬರು.

ಭಾವನಿಗೆ ಹೀಗೆ ಹೇಳಿದೆ. ಬೆಂಗಳೂರು ಅಂದರೆ ಮೆಜೆಸ್ಟಿಕ್, ಕಲಾಸಿಪಾಳ್ಯ, ಚಿಕ್ಕಪೇಟೆ, ಅದರ ಸುತ್ತ ನಾಲ್ಕು ಗಲ್ಲಿ ಮಾತ್ರ ಅಂದುಕೊಳ್ಳಿ. ಜಯನಗರ ಬೇರೆ ಊರು, ಮಲ್ಲೇಶ್ವರ ಬೇರೆ ಊರು, ವೈಟ್‌ಫೀಲ್ಡ್ ಅಂತೂ ಬೇರೆ ಜಿಲ್ಲೆ. ಕೆಲಸಕ್ಕೆ, ವ್ಯಾಪಾರಕ್ಕೆ, ಮ್ಯಾಚ್ ನೋಡೋಕೆ ಎಲ್ಲರೂ ಒಳಗೆ ಬರುತ್ತಾರೆ. ಅಲ್ಲಿ ಒಂದು ಜಗಳ ನಡೆದು ಯಾರೋ ಸತ್ತರೆ ಅದನ್ನು ಭಾಗಿಸುವುದು ರಾತ್ರಿ ಅಲ್ಲಿ ಮಲಗುವ ಜನರಿಂದ ಮಾತ್ರ. ಅಂಕಿ ಎಷ್ಟು ಏರುತ್ತೆ ಹೇಳಿ?

ಬಾಲ್ಟಿಮೋರ್ ಕೂಡ ಹೀಗೇ. 1851ರಲ್ಲೇ ಕೌಂಟಿಯಿಂದ ಬೇರೆಯಾದ ಊರು. 1950ರಲ್ಲಿ 9.5 ಲಕ್ಷದಷ್ಟಿದ್ದವರು 2020ಕ್ಕೆ 5.85 ಲಕ್ಷ. ಇದಕ್ಕೆ ತದ್ವಿರುದ್ಧ ಫ್ಲಾರಿಡಾದ ಜಾಕ್ಸನ್‌ವಿಲ್. ಅದು 1968ರಲ್ಲಿ ತನ್ನ ಕೌಂಟಿಯ ಜೊತೆ ಒಂದಾಯಿತು. ಈಗ ಅದರ ನೆಲ ಸೇಂಟ್ ಲೂಯಿಸ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ. ನ್ಯಾಶ್‌ವಿಲ್ 1963ರಲ್ಲಿ, ಇಂಡಿಯಾನಾಪೊಲಿಸ್ 1970ರಲ್ಲಿ, ಲೂಯಿವಿಲ್ 2003ರಲ್ಲಿ ಹಾಗೇ ಮಾಡಿದವು. ಅಲ್ಲಿನ ಶಾಂತ ಬಡಾವಣೆಗಳೂ ನಗರದ ಲೆಕ್ಕಕ್ಕೇ ಬರುತ್ತವೆ. ಒಂದೇ ಪಟ್ಟಿಯಲ್ಲಿ ಇವೆರಡು ತರಹದ ಊರುಗಳನ್ನು ಅಕ್ಕಪಕ್ಕ ಇಟ್ಟರೆ ಅಪರಾಧದ ಜೊತೆಗೆ ಗಡಿಯನ್ನೂ ಅಳೆದಂತೆ. ಅಂಕಿ ಸೇರಿಸುವ ಎಫ್‌ಬಿಐ ಕೂಡ ಊರುಗಳಿಗೆ ರ‍್ಯಾಂಕ್ ಕೊಡಬೇಡಿ ಅಂತ ಎಚ್ಚರಿಸುತ್ತದೆ. ಆ ಮಾತು ಪಟ್ಟಿ ಮಾಡುವವರಿಗೆ ಕೇಳಿಸುವುದಿಲ್ಲ.

ಇನ್ನೊಂದು ವಿಷಯ ಭಾವನಿಗೆ ತಕ್ಷಣ ಅರ್ಥವಾಯಿತು. ವಾಷಿಂಗ್ಟನ್ ಯೂನಿವರ್ಸಿಟಿಯ ಮುಖ್ಯ ಕ್ಯಾಂಪಸ್ಸಿನ ಬಹುಪಾಲು ಆ ಗೆರೆಯ ಆಚೆ, ಕೌಂಟಿಯಲ್ಲಿದೆ. ಸ್ಕಿಂಕರ್ ರಸ್ತೆಯ ಪಕ್ಕದಲ್ಲೇ ಗಡಿ. ಅಕ್ಕನ ಮಗಳು ಓದಬೇಕಿದ್ದ ವಿಭಾಗವೂ ಆ ಕ್ಯಾಂಪಸ್ಸಿನಲ್ಲೇ ಇತ್ತು. ಅಂದರೆ ಭಾವ ಕೆಂಪು ಬಣ್ಣ ತುಂಬಿದ ಆ 53 ಅವಳು ದಿನವಿಡೀ ಕೂರುವ ಜಾಗದ ಅಂಕಿಯೇ ಅಲ್ಲ.

ಹಾಗಂತ ಇದು ಬರೀ ಗಡಿಯ ಆಟ ಅಂತ ಹೇಳಿ ಸುಮ್ನಾಗೋಕೆ ನನಗೆ ಮನಸ್ಸಿಲ್ಲ. 150 ಜನ ನಿಜವಾಗಲೂ ಸತ್ತಿದ್ದಾರೆ. ಡೆಲ್ಮಾರ್ ಬೀದಿ ಅಂತ ಒಂದಿದೆ ಇಲ್ಲಿ. ಅದರ ದಕ್ಷಿಣಕ್ಕೆ ದೊಡ್ಡ ಮನೆಗಳು, ಬಹುಪಾಲು ಬಿಳಿಯರು. ಉತ್ತರಕ್ಕೆ ಬಹುಪಾಲು ಕಪ್ಪು ಜನ, ಎಷ್ಟೋ ಕಡೆ ಖಾಲಿ ಮನೆಗಳು, ಒಳಗೆ ಕುಸಿದ ಇಟ್ಟಿಗೆ. ಎರಡು ವರ್ಷದ ಹಿಂದೆ ಆ ಬೀದಿಯಿಂದ ಸ್ವಲ್ಪ ಉತ್ತರಕ್ಕೆ, ನಾನು ಸಿಗ್ನಲ್‌ನಲ್ಲಿ ನಿಂತಿದ್ದಾಗ ಒಂದು ದೀಪದ ಕಂಬ ನೋಡಿದೆ. ಕಂಬದ ಸುತ್ತ ಟೆಡ್ಡಿ ಗೊಂಬೆಗಳನ್ನು ಟೇಪ್ ಸುತ್ತಿ ಕಟ್ಟಿದ್ದರು. ಬುಡದಲ್ಲಿ ಮೇಣದಬತ್ತಿಗಳು, ಗಾಳಿ ಇಳಿದ ಬೆಳ್ಳಿ ಬಣ್ಣದ ಬಲೂನು. ಹಿಂದಿನ ರಾತ್ರಿ ಮಳೆಯಾಗಿ ಗೊಂಬೆಗಳೆಲ್ಲ ನೀರು ಕುಡಿದು ಜೋತುಬಿದ್ದಿದ್ದವು. ಒಬ್ಬ ಹೆಂಗಸು, ನನ್ನ ಅಕ್ಕನ ವಯಸ್ಸು ಇರಬೇಕು, ಒಂದೊಂದನ್ನೇ ಹಿಂಡಿ ಮತ್ತೆ ಮೇಲೆತ್ತಿ ಕಟ್ಟುತ್ತಿದ್ದಳು. ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹಾಕಲಿಲ್ಲ. ಕೊಲೆಯಾದ ಜಾಗದಲ್ಲಿ ಸತ್ತವರ ನೆನಪಿಗೆ ಹೀಗೆ ಕಟ್ಟುತ್ತಾರೆ, ಇಲ್ಲಿ ಎಲ್ಲರಿಗೂ ಅದು ಗೊತ್ತು.

ಊರು ಆರಿಸೋಕೆ ಅಂಕಿ ನೋಡುವಾಗ ಆ ಹೆಂಗಸಿನ ನೆನಪು ನನಗೆ ಬಂದೇ ಬರುತ್ತದೆ.

ಕೊಲೆ ಒಂದು, 'ಹಿಂಸೆ' ಇನ್ನೊಂದು

ಕೆಲವು ಪಟ್ಟಿಗಳು ಕೊಲೆ ಲೆಕ್ಕ ಬಿಟ್ಟು ಹಿಂಸಾತ್ಮಕ ಅಪರಾಧ ಅಂತ ಒಂದೇ ಅಂಕಿ ಕೊಡುತ್ತವೆ. ಎಫ್‌ಬಿಐ ಲೆಕ್ಕದಲ್ಲಿ ಅದರೊಳಗೆ ನಾಲ್ಕು ಸೇರುತ್ತವೆ: ಕೊಲೆ, ಅತ್ಯಾಚಾರ, ಸುಲಿಗೆ, ತೀವ್ರ ಹಲ್ಲೆ. ಇದರಲ್ಲಿ ಹಲ್ಲೆಯದ್ದೇ ಸಿಂಹಪಾಲು. ಬಾರ್ ಜಗಳವೂ ಅಲ್ಲಿ, ಮನೆಯೊಳಗಿನ ಹೊಡೆತವೂ ಅಲ್ಲಿ, ಗುಂಡು ತಾಗಿ ಬದುಕಿದವನೂ ಅಲ್ಲೇ. ಯಾವ ಹಲ್ಲೆಯನ್ನು 'ತೀವ್ರ' ಅಂತ ಬರೆದುಕೊಳ್ಳುತ್ತಾರೆ ಅನ್ನುವುದು ಇಲಾಖೆಯಿಂದ ಇಲಾಖೆಗೆ ಬದಲಾಗುತ್ತದೆ. ಮೇಲಾಗಿ ಅರ್ಧಕ್ಕಿಂತ ಜಾಸ್ತಿ ಹಿಂಸೆ ಪೊಲೀಸರ ತನಕ ಹೋಗುವುದೇ ಇಲ್ಲ ಅಂತ ಅಮೆರಿಕ ಸರ್ಕಾರದ್ದೇ ಮನೆಮನೆ ಸಮೀಕ್ಷೆ ಹೇಳುತ್ತದೆ. ಅತ್ಯಾಚಾರದ ವ್ಯಾಖ್ಯೆಯನ್ನೇ 2013ರಲ್ಲಿ ಬದಲಿಸಿದರು, ಹಾಗಾಗಿ ಅದರ ಹಿಂದಿನ, ಮುಂದಿನ ವರ್ಷಗಳು ಸರಿಯಾಗಿ ಹೊಂದುವುದಿಲ್ಲ.

ಕೊಲೆಯ ಲೆಕ್ಕ ಹಾಗಲ್ಲ. ಹೆಣ ಇರುತ್ತದೆ, ಡಾಕ್ಟರು ಸಹಿ ಹಾಕುತ್ತಾರೆ, ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ಮರಣಪತ್ರದ ಲೆಕ್ಕದಲ್ಲೂ ಅದು ಬರುತ್ತದೆ. ಎರಡು ಕಡೆಯಿಂದ ತಾಳೆ ನೋಡಬಹುದು. ಆದ್ದರಿಂದ ಊರು ಊರು ಹೋಲಿಸೋಕೆ ನಾನು ನಂಬುವುದು ಕೊಲೆಯ ಅಂಕಿಯನ್ನೇ. ಅದರಲ್ಲೂ ಸಣ್ಣಪುಟ್ಟ ಬಿಕ್ಕಟ್ಟುಗಳಿವೆ. ಶಿಕಾಗೊ ಒಳಗಿನ ಹೆದ್ದಾರಿಯಲ್ಲಿ ಗುಂಡು ಹಾರಿ ಯಾರಾದರೂ ಸತ್ತರೆ ಅದು ರಾಜ್ಯ ಪೊಲೀಸರ ಲೆಕ್ಕ, ನಗರ ಪೊಲೀಸರದ್ದಲ್ಲ. ಆತ್ಮರಕ್ಷಣೆಗೆ ಕೊಂದದ್ದನ್ನು ಶವಪರೀಕ್ಷೆಯ ಕಚೇರಿ ಹತ್ಯೆ ಅಂತ ಬರೆಯುತ್ತದೆ, ಪೊಲೀಸರ ಕೊಲೆ ಪಟ್ಟಿಯಲ್ಲಿ ಅದಿರುವುದಿಲ್ಲ. 2001ರ ಸೆಪ್ಟೆಂಬರ್ 11ರ ಸಾವುಗಳು ನ್ಯೂಯಾರ್ಕ್‌ನ ಆ ವರ್ಷದ ಮಾಮೂಲಿ ಕೊಲೆ ಲೆಕ್ಕದಲ್ಲಿಲ್ಲ. ಒಂದೇ ಊರಿಗೆ ಎರಡು ಸೈಟುಗಳು ಎರಡು ಅಂಕಿ ಕೊಟ್ಟರೆ ಗಾಬರಿ ಬೇಡ.

ನಮ್ಮ ದೇಶದ ಜೊತೆ ಹೋಲಿಸುವವರೂ ಇದ್ದಾರೆ. ಭಾರತದಲ್ಲಿ 2022ರಲ್ಲಿ 28,522 ಕೊಲೆ ದಾಖಲಾಗಿದ್ದವು, ಲಕ್ಷಕ್ಕೆ ಎರಡರಷ್ಟು. ವರದಕ್ಷಿಣೆ ಸಾವುಗಳು ಅದರೊಳಗಿಲ್ಲ, ಅವನ್ನು ಬೇರೆ ಕಾಲಂನಲ್ಲಿ ಎಣಿಸುತ್ತಾರೆ, 6,400ಕ್ಕೂ ಜಾಸ್ತಿ. ಎಲ್ಲಾ ಕಡೆ ಕಾಲಂಗಳನ್ನು ನೋಡಿಯೇ ಮಾತಾಡಬೇಕು ಅಲ್ವಾ?

ಇನ್ನು ಕೊಲೆಗೂ ಹಲ್ಲೆಗೂ ನಡುವೆ ಎಷ್ಟೋ ಸಲ ಇರುವುದು ಆಸ್ಪತ್ರೆಗೆ ಎಷ್ಟು ದೂರ ಅನ್ನುವುದು ಮಾತ್ರ. ಶಿಕಾಗೊದ ದಕ್ಷಿಣ ಭಾಗದಲ್ಲಿ ಸುಮಾರು ಮೂರು ದಶಕ ವಯಸ್ಕರಿಗೆ ಒಂದು ಟ್ರಾಮಾ ಸೆಂಟರೇ, ಅಂದರೆ ತೀವ್ರ ಗಾಯಗಳ ತುರ್ತು ಚಿಕಿತ್ಸಾ ಕೇಂದ್ರವೇ ಇರಲಿಲ್ಲ. ಗುಂಡು ತಾಗಿದವರನ್ನು ಆಂಬುಲೆನ್ಸ್‌ನಲ್ಲಿ ದೂರದ ಆಸ್ಪತ್ರೆಗೆ ಒಯ್ಯಬೇಕಿತ್ತು. 2010ರಲ್ಲಿ 18 ವರ್ಷದ ಹುಡುಗನೊಬ್ಬನಿಗೆ ಶಿಕಾಗೊ ವಿಶ್ವವಿದ್ಯಾಲಯದ ಆಸ್ಪತ್ರೆಯಿಂದ ನಾಲ್ಕು ಬೀದಿ ಆಚೆ ಗುಂಡು ತಾಗಿತು. ಅವನನ್ನು ಮೈಲಿಗಟ್ಟಲೆ ದೂರದ, ಊರ ನಡುವಿನ ಆಸ್ಪತ್ರೆಗೆ ಒಯ್ದರು, ಅವನು ಉಳಿಯಲಿಲ್ಲ. ಅವನ ಗೆಳೆಯರು, ಅಕ್ಕಪಕ್ಕದವರು ವರ್ಷಗಟ್ಟಲೆ ಧರಣಿ ಕೂತರು. ಅದೇ ಆಸ್ಪತ್ರೆಯಲ್ಲಿ 2018ರಲ್ಲಿ ಟ್ರಾಮಾ ಸೆಂಟರ್ ತೆರೆಯಿತು. ಅಲ್ಲಿ ಬದುಕಿಸಿದ ಒಬ್ಬೊಬ್ಬರೂ ಕೊಲೆಯ ಕಾಲಂನಿಂದ ಹಲ್ಲೆಯ ಕಾಲಂಗೆ ಬಂದವರು. ಅದಕ್ಕೇ ಗುಂಡು ತಾಗಿ ಬದುಕಿದವರ ಸಂಖ್ಯೆಯನ್ನೂ ಕೊಡುವ ಊರಿದ್ದರೆ ಅದನ್ನು ಸೇರಿಸಿ ನೋಡಿ. ಶಿಕಾಗೊ ನಗರ ಕೊಡುತ್ತದೆ, ಬಾಲ್ಟಿಮೋರ್ ಕೊಡುತ್ತದೆ, ನ್ಯೂಯಾರ್ಕ್ ವಾರ ವಾರ ಕೊಡುತ್ತದೆ.

ಒಂದು ವರ್ಷ ನೋಡಿದರೆ ಮೋಸ ಹೋಗುತ್ತೀರಿ

ಭಾವನ ಶೀಟಿನಲ್ಲಿ ಸೇಂಟ್ ಲೂಯಿಸ್‌ಗೆ 53ರ ಪಕ್ಕದಲ್ಲಿ ಇನ್ನೊಂದು ಅಂಕಿ ಇತ್ತು, 87. ಅದು 2020ರದ್ದು. ಆ ವರ್ಷ ಇಲ್ಲಿ 263 ಜನ ಕೊಲೆಯಾದರು. ದೇಶದಲ್ಲೇ ಆ ವರ್ಷ ಕೊಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು 30 ಪ್ರತಿಶತ ಏರಿದವು. ಲೆಕ್ಕ ಇಡೋಕೆ ಶುರುವಾದ ಮೇಲೆ ಅಷ್ಟು ದೊಡ್ಡ ಜಿಗಿತ ಇರಲಿಲ್ಲ. ಕೋವಿಡ್, ಮುಚ್ಚಿದ ಶಾಲೆಗಳು, ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿಯನ್ನು ಪೊಲೀಸ್ ಅಧಿಕಾರಿಯೊಬ್ಬ ಕೊಂದ ನಂತರ ಪೊಲೀಸರಿಗೂ ಜನಕ್ಕೂ ನಡುವೆ ಉಳಿದಿದ್ದ ನಂಬಿಕೆಯೂ ಒಡೆದದ್ದು, ಬಂದೂಕಿನ ಭರ್ಜರಿ ಮಾರಾಟ. ಯಾವುದರ ಪಾಲು ಎಷ್ಟು ಅಂತ ಸಂಶೋಧಕರು ಇನ್ನೂ ವಾದ ಮಾಡುತ್ತಿದ್ದಾರೆ. ಆದರೆ ಅದು ಒಂದೆರಡು ಊರಿನ ತಪ್ಪಲ್ಲ, ದೊಡ್ಡ ಊರು ಸಣ್ಣ ಊರು ಎಲ್ಲಾ ಕಡೆ ಏರಿತು. 2022ರ ಹೊತ್ತಿಗೆ ಇಳಿಯೋಕೆ ಶುರುವಾಯಿತು. 2023ರಲ್ಲಿ ಜೋರಾಗಿ ಇಳಿಯಿತು, 2024ರಲ್ಲಿ ಇನ್ನೂ 15 ಪ್ರತಿಶತದಷ್ಟು.

ಇಳಿಕೆ ಎಲ್ಲಾ ಕಡೆ ಒಂದೇ ಸಮ ಇಲ್ಲ. ಬಾಲ್ಟಿಮೋರ್‌ನ ಓಟ ನನಗೆ ಬಹಳ ಮುಖ್ಯ ಅನಿಸುತ್ತದೆ. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಅನ್ನುವ ಯುವಕ ಪೊಲೀಸ್ ವಶದಲ್ಲಿದ್ದಾಗ ಗಾಯಗೊಂಡು ಸತ್ತ. ಊರು ಹೊತ್ತಿ ಉರಿಯಿತು. ಆ ವರ್ಷದಿಂದ 2022ರ ತನಕ, ಎಂಟು ವರ್ಷ, ಪ್ರತಿ ವರ್ಷವೂ 300ಕ್ಕೂ ಜಾಸ್ತಿ ಕೊಲೆ. ಇನ್ನು ಇದು ಇಳಿಯುವುದೇ ಇಲ್ಲ ಅಂತ ಜನ ಕೈಬಿಟ್ಟಿದ್ದರು. 2023ರಲ್ಲಿ 260ರ ಆಸುಪಾಸಿಗೆ ಬಂತು. 2024ರಲ್ಲಿ 201. ಅಲ್ಲಿ ಮಾಡಿದ ಒಂದು ಕೆಲಸ ಹೀಗಿದೆ. ಗುಂಡು ಹಾರಿಸುವವರು, ಗುಂಡು ತಿನ್ನುವವರು ಇಡೀ ಊರಲ್ಲಿ ಬೆರಳೆಣಿಕೆಯ ಗುಂಪಿನವರು. ಅವರನ್ನು ಹೆಸರು ಹಿಡಿದು ಹುಡುಕಿ, ಎದುರು ಕೂತು ಮಾತಾಡುತ್ತಾರೆ. ಕೆಲಸ, ಮನೆ, ಆಪ್ತಸಲಹೆ ಬೇಕಾ, ಕೊಡುತ್ತೇವೆ. ಮತ್ತೆ ಗುಂಡು ಹಾರಿಸಿದರೆ ಬಿಡುವುದಿಲ್ಲ. ಇದರ ಜೊತೆಗೆ 2007ರಿಂದ 'ಸೇಫ್ ಸ್ಟ್ರೀಟ್ಸ್' ಅಂತ ಒಂದು ಕಾರ್ಯಕ್ರಮ ಇದೆ. ಅದೇ ಬೀದಿಯಲ್ಲಿ ಬೆಳೆದವರು, ಕೆಲವರು ಜೈಲಿಗೆ ಹೋಗಿಬಂದವರು, ಜಗಳ ಕೊಲೆಗೆ ತಿರುಗುವ ಮುಂಚೆ ಮಧ್ಯೆ ನಿಲ್ಲುತ್ತಾರೆ. ಅವರಲ್ಲೇ ಕೆಲವರು ಗುಂಡಿಗೆ ಬಲಿಯಾಗಿದ್ದಾರೆ. ಇಳಿಕೆಯ ಪೂರ್ತಿ ಶ್ರೇಯ ಒಂದಕ್ಕೇ ಕೊಡಲಾಗದು. ಆದರೆ ಹತ್ತು ವರ್ಷದ ಗೆರೆ ಎಳೆದು ನೋಡಿದರೆ ಬಾಲ್ಟಿಮೋರ್ ಎತ್ತ ಹೋಗುತ್ತಿದೆ ಅನ್ನುವುದು ಕಾಣುತ್ತದೆ.

ಫಿಲಡೆಲ್ಫಿಯಾ 2021ರಲ್ಲಿ 562ಕ್ಕೆ ಏರಿ ದಾಖಲೆ ಮಾಡಿತು, 2024ಕ್ಕೆ 269. ನ್ಯೂ ಆರ್ಲಿಯನ್ಸ್ ಎರಡೇ ವರ್ಷದಲ್ಲಿ ಅರ್ಧಕ್ಕೂ ಕೆಳಗೆ ಬಂತು. ಡೆಟ್ರಾಯಿಟ್ 2023ರಲ್ಲಿ 252, 1966ರಿಂದೀಚೆಗೆ ಅಷ್ಟು ಕಡಿಮೆ ಇರಲಿಲ್ಲ, ಮಾರನೇ ವರ್ಷ ಅದಕ್ಕಿಂತಲೂ ಇಳಿಯಿತು. ವಾಷಿಂಗ್ಟನ್ ನಗರ ಮಾತ್ರ ತಡವಾಗಿ, 2023ರಲ್ಲಿ 274ಕ್ಕೆ ಏರಿ ಆಮೇಲೆ ಇಳಿಯಿತು. ಮೆಂಫಿಸ್ ಕೂಡ ಅದೇ ವರ್ಷ ತನ್ನ ಅತಿ ಕೆಟ್ಟ ಅಂಕಿ ಕಂಡಿತು.

ನ್ಯೂಯಾರ್ಕ್ ಇನ್ನೂ ಉದ್ದದ ಪಾಠ. 1990ರಲ್ಲಿ ಅಲ್ಲಿ 2,200ಕ್ಕೂ ಜಾಸ್ತಿ ಕೊಲೆ. 2017ರಲ್ಲಿ 300ಕ್ಕೂ ಕಡಿಮೆ. 1990ರ ಸುಮಾರಿಗೆ ಅಲ್ಲಿಗೆ ಬಂದಿಳಿದ ನಮ್ಮ ಹಿರಿಯರ ಮನಸ್ಸಿನಲ್ಲಿ ಇನ್ನೂ ಆಗಿನ ಊರೇ ಇದೆ. ರಾತ್ರಿ ಸಬ್‌ವೇ ಹತ್ತಬೇಡ ಅಂತ ಈಗಲೂ ಹೇಳುತ್ತಾರೆ.

ನೀವು ಮಾಡಬೇಕಾದದ್ದು ಇಷ್ಟೇ. ಕನಿಷ್ಠ ಹತ್ತು ವರ್ಷದ ಅಂಕಿ ಒಟ್ಟಿಗೆ ಬರೆದುಕೊಳ್ಳಿ. 'ಕೊಲೆ 33 ಪ್ರತಿಶತ ಏರಿಕೆ' ಅಂತ ತಲೆಬರಹ ಕಂಡರೆ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ. ಬಾಸ್ಟನ್‌ನಂಥ ಊರಲ್ಲಿ 24 ಇದ್ದದ್ದು 32 ಆದರೂ ಅದೇ ತಲೆಬರಹ ಬರುತ್ತದೆ. ಮತ್ತೆ 2021ರ ಎಫ್‌ಬಿಐ ಅಂಕಿಗಳನ್ನು ಹುಷಾರಾಗಿ ನೋಡಿ. ಆ ವರ್ಷ ಅಂಕಿ ಕಳಿಸುವ ಪದ್ಧತಿ ಬದಲಾಯಿತು, ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ದೊಡ್ಡ ಇಲಾಖೆಗಳೇ ಹೊರಗೆ ಉಳಿದವು. ಆ ವರ್ಷದ ಪಟ್ಟಿಯಲ್ಲಿ ಕಾಣದ ಊರು ಸುರಕ್ಷಿತ ಅಂತ ಅಲ್ಲ.

ಬೀದಿಗೆ ಇಳಿದು ನೋಡುವುದು

ಇಲ್ಲಿಗೆ ಬರುವ ಹೊತ್ತಿಗೆ ಭಾವ ಮೂರು ಊರಿನ ಅಂಕಿಗಳನ್ನೂ ಕಪ್ಪು ಬಣ್ಣಕ್ಕೆ ತಿರುಗಿಸಿದ್ದರು. "ಹಂಗಾದ್ರೆ ಯಾವುದನ್ನ ನೋಡ್ಬೇಕು?" ಅಂದರು.

ಬೀದಿ ನೋಡಬೇಕು. ಬಾಸ್ಟನ್‌ನಲ್ಲಿ 1980ರಿಂದ 2008ರ ತನಕದ ಗುಂಡಿನ ದಾಳಿಗಳನ್ನು ಸಂಶೋಧಕರು ನಕ್ಷೆಯ ಮೇಲೆ ಇಟ್ಟು ನೋಡಿದರು. ನೂರಕ್ಕೆ ಐದಕ್ಕಿಂತ ಕಡಿಮೆ ರಸ್ತೆ ತುಂಡು, ಮೂಲೆಗಳಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಭಾಗ ದಾಳಿಗಳು ನಡೆದಿದ್ದವು. ಮುಂಚೆ ಹೇಳಿದ ಆ ಬೆರಳೆಣಿಕೆಯ ಗುಂಪುಗಳ ಹಾಗೆಯೇ ಇದೂ. ಶಿಕಾಗೊದ ಶ್ರೀಮಂತ ಬಡಾವಣೆ ಲಿಂಕನ್ ಪಾರ್ಕ್‌ನಲ್ಲಿರುವವರಿಗೂ ಕೊಲೆ ಜಾಸ್ತಿ ಇರುವ ಬಡಾವಣೆ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿರುವವರಿಗೂ ಊರಿನ ಹೆಸರು ಒಂದೇ, ಅಪಾಯ ಒಂದೇ ಅಲ್ಲ.

ಆ ಬೀದಿಗಳು ತಾವಾಗೇ ಹಾಗಾಗಲಿಲ್ಲ. ಬಾಲ್ಟಿಮೋರ್ 1910ರಲ್ಲಿ ಕಪ್ಪು ಜನ ಯಾವ ಬೀದಿಯಲ್ಲಿ ಇರಬೇಕು, ಬಿಳಿಯರು ಯಾವುದರಲ್ಲಿ ಅಂತ ಕಾನೂನನ್ನೇ ಮಾಡಿತು, ದೇಶದಲ್ಲೇ ಮೊದಲು. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದರು, ಅಲ್ಲಿ ಮನೆಸಾಲ ಹುಟ್ಟುತ್ತಿರಲಿಲ್ಲ. ಇವತ್ತು ಕೊಲೆಗಳ ನಕ್ಷೆಯನ್ನು ಅದರ ಮೇಲಿಟ್ಟರೆ ಎಷ್ಟೋ ಕಡೆ ಒಂದರ ಮೇಲೊಂದು ಕೂರುತ್ತದೆ. ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನ ಏಳರಲ್ಲಿ ಒಬ್ಬರಷ್ಟು, ಕೊಲೆಯಾದವರಲ್ಲಿ ಅರ್ಧದಷ್ಟು ಅವರೇ. ನಮ್ಮವರು ಫೋನಲ್ಲಿ "ಆ ಜನ ಇರೋ ಏರಿಯಾ" ಅಂದಾಗ ನನಗೆ ನೋವಾಗುತ್ತದೆ. ಹೆಚ್ಚು ಹೆದರಿಕೆಯಲ್ಲಿ ಬದುಕುವವರು, ಹೆಚ್ಚು ಮಕ್ಕಳನ್ನು ಕಳೆದುಕೊಂಡವರು ಅವರು. ಬೀದಿ ನೋಡಿ ಅಂದರೆ ಜನರ ಬಣ್ಣ ನೋಡಿ ಅಂತಲ್ಲ. ಹತ್ತು ವರ್ಷದ ಅಂಕಿ, ದೀಪ, ಬಸ್ಸು, ರಾತ್ರಿ ತೆರೆದಿರುವ ಅಂಗಡಿ, ಇವನ್ನು ನೋಡಿ.

ಹೇಗೆ ನೋಡೋದು? ಮೊದಲು ಬಾಡಿಗೆ ಮನೆಯ ಪೂರ್ತಿ ವಿಳಾಸ ಕೈಯಲ್ಲಿರಲಿ. ದೊಡ್ಡ ನಗರಗಳ ಓಪನ್ ಡೇಟಾ ಸೈಟುಗಳಲ್ಲಿ ಅಪರಾಧದ ನಕ್ಷೆ ಇರುತ್ತದೆ. ಆ ವಿಳಾಸದ ಸುತ್ತ ಅರ್ಧ ಮೈಲಿ ವೃತ್ತ ಹಾಕಿಕೊಂಡು, ಸುಲಿಗೆ ಮತ್ತು ಗುಂಡಿನ ದಾಳಿ ಮಾತ್ರ ಆರಿಸಿ, ಸಂಜೆ ಆರರ ನಂತರದ್ದನ್ನು ಬೇರೆ ಮಾಡಿ ನೋಡಿ. ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವ ದಾರಿಯೇ ಮುಖ್ಯ. ವಿದ್ಯಾರ್ಥಿಗಳಿಗೆ ಇನ್ನೊಂದು ಸಾಧನ ಇದೆ. 1990ರ ಕ್ಲೇರಿ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ವಿಶ್ವವಿದ್ಯಾಲಯವೂ ಪ್ರತಿ ವರ್ಷ ಅಕ್ಟೋಬರ್ 1ರ ಒಳಗೆ ಕಳೆದ ಮೂರು ವರ್ಷದ ಅಪರಾಧಗಳ ಲೆಕ್ಕ ಪ್ರಕಟಿಸಲೇಬೇಕು. ಹಾಸ್ಟೆಲಿನಲ್ಲೇ ಕೊಲೆಯಾದ ಒಬ್ಬ ವಿದ್ಯಾರ್ಥಿನಿಯ ತಂದೆತಾಯಿ ಹೋರಾಡಿ ತಂದ ಕಾನೂನು ಅದು. ಅದರ ಮಿತಿಯೂ ತಿಳಿದಿರಲಿ: ಅದು ಎಣಿಸುವುದು ಕ್ಯಾಂಪಸ್ಸು, ಅದಕ್ಕೆ ಅಂಟಿದ ರಸ್ತೆ ಇಂಥವನ್ನು ಮಾತ್ರ. ಎರಡು ಬೀದಿ ಆಚೆ ಇರುವ ನಿಮ್ಮ ರೂಮು ಅದರಲ್ಲಿ ಬರುವುದಿಲ್ಲ.

ಆಮೇಲೆ ಅಲ್ಲಿರುವ ನಮ್ಮವರನ್ನು ಕೇಳಿ. ಶಿಕಾಗೊದಲ್ಲಿ ವಿದ್ಯಾರಣ್ಯ ಕನ್ನಡ ಕೂಟ ಇದೆ, ವಾಷಿಂಗ್ಟನ್ ಸುತ್ತಮುತ್ತ ಕಾವೇರಿ ಕನ್ನಡ ಸಂಘ ಇದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ 2006ರ ಸಮ್ಮೇಳನ ನಡೆದದ್ದು ಬಾಲ್ಟಿಮೋರ್‌ನಲ್ಲೇ. ಕೇಳುವಾಗ "ಊರು ಹೇಗಿದೆ" ಅಂತ ಕೇಳಬೇಡಿ. ಬಹಳಷ್ಟು ಜನ ಸಬರ್ಬ್‌ನಲ್ಲಿರುತ್ತಾರೆ, ಡೌನ್‌ಟೌನ್‌ಗೆ ವರ್ಷಕ್ಕೆರಡು ಸಲ ಹೋಗುತ್ತಾರೆ, ಅವರಿಗೆ ಗೊತ್ತಿರುವುದೂ ಟಿವಿ ಸುದ್ದಿಯೇ. ಈಗ ಅಲ್ಲಿ ಓದುತ್ತಿರುವ ಒಬ್ಬ ಹುಡುಗಿಯನ್ನು ಹಿಡಿದು "ರಾತ್ರಿ ಹತ್ತಕ್ಕೆ ಲೈಬ್ರರಿಯಿಂದ ಮನೆಗೆ ಹೇಗೆ ಹೋಗ್ತೀಯಮ್ಮ" ಅಂತ ಕೇಳಿ. ಒಂದೇ ಪ್ರಶ್ನೆ ಸಾಕು.

ವಿದ್ಯಾರ್ಥಿಗೆ ನಿಜವಾಗಿ ಎದುರಾಗುವುದು

ಹದಿನಾಲ್ಕು ವರ್ಷದಲ್ಲಿ ನನಗೆ ಇಲ್ಲಿ ಆದದ್ದು ಒಂದು. ಡೌನ್‌ಟೌನ್‌ನಲ್ಲಿ ಕಾರು ನಿಲ್ಲಿಸಿ ನಾಟಕಕ್ಕೆ ಹೋಗಿ ಬರುವಷ್ಟರಲ್ಲಿ ಕಿಟಕಿ ಗಾಜು ಒಡೆದಿದ್ದರು. ಸೀಟಿನ ಮೇಲೆ ಬಿಟ್ಟಿದ್ದ ಚೀಲ ಹೋಗಿತ್ತು. ಅದರಲ್ಲಿದ್ದದ್ದು ಮಗಳ ಭರತನಾಟ್ಯದ ಗೆಜ್ಜೆ. ಇದು ಹಿಂಸಾತ್ಮಕ ಅಪರಾಧದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಾರಲ್ಲಿ ಚೀಲ ಕಾಣುವ ಹಾಗೆ ಬಿಡಬಾರದು ಅನ್ನುವುದು ಇಲ್ಲಿನ ಮಕ್ಕಳಿಗೂ ಗೊತ್ತು.

ನಮ್ಮ ಮಕ್ಕಳು ಗುಂಡಿಗೆ ಸಿಕ್ಕ ಸುದ್ದಿ ಬಂದಾಗ ಒಂದನ್ನು ಗಮನಿಸಿದ್ದೇನೆ. ಎಷ್ಟೋ ಸಲ ಅದು ರಾತ್ರಿ ಗ್ಯಾಸ್ ಸ್ಟೇಷನ್ (ನಮ್ಮ ಪೆಟ್ರೋಲ್ ಬಂಕ್) ಕೌಂಟರ್, ಸಣ್ಣ ಅಂಗಡಿಯ ಗಲ್ಲಾ. ಸುಲಿಗೆಗೆ ಬಂದವನ ಕೈಯಲ್ಲಿ ಬಂದೂಕು. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಕೆಲಸ ಮಾಡುವುದು ವಿದ್ಯಾರ್ಥಿಗಳ ಎಫ್-1 ವೀಸಾ ನಿಯಮಕ್ಕೂ ವಿರುದ್ಧ. ಸಾಲದ ಕಂತು ತಲೆ ಮೇಲಿದ್ದಾಗ ಹುಡುಗರು ಅದಕ್ಕೆ ಇಳಿಯುತ್ತಾರೆ, ಮನೆಯಲ್ಲಿ ಹೇಳುವುದಿಲ್ಲ. ಯಾವ ಊರು ಅನ್ನುವುದಕ್ಕಿಂತ ಇದು ದೊಡ್ಡ ಅಪಾಯ ಅಂತ ನನ್ನ ಖಚಿತ ಅಭಿಪ್ರಾಯ. ಅಪ್ಪ ಅಮ್ಮಂದಿರೇ, ದಯವಿಟ್ಟು ಫೀಸಿನ ಕಾಲಂ ಇನ್ನೊಮ್ಮೆ ನೋಡಿ. ತಿಂಗಳ ಖರ್ಚಿಗೆ ದುಡ್ಡು ಸಾಲದ ಊರೇ ನಿಮ್ಮ ಮಗುವಿಗೆ ಅಪಾಯದ ಊರು.

ರಸ್ತೆಯ ಮಾತೂ ಹೇಳಬೇಕು. ಅಮೆರಿಕದಲ್ಲಿ 2024ರಲ್ಲಿ ಸುಮಾರು 17 ಸಾವಿರ ಕೊಲೆಯಾದರೆ, ರಸ್ತೆ ಅಪಘಾತದಲ್ಲಿ ಸತ್ತವರು 40 ಸಾವಿರದ ಹತ್ತಿರ. ಕೊಲೆಗೆ ಹೆದರಿ 40 ಮೈಲಿ ದೂರ ಮನೆ ಮಾಡಿ, ದಿನಾ ಹಿಮದಲ್ಲಿ ಕಾರು ಓಡಿಸಿದರೆ ಅಪಾಯ ಕಡಿಮೆಯಾಯಿತು ಅಂತ ಹೇಳಲಾಗದು.

ಕುಟುಂಬ ಸಮೇತ ಕೆಲಸಕ್ಕೆ ಬರುವವರಿಗೆ ಇದೆಲ್ಲ ಬೇಗ ಮುಗಿಯುತ್ತದೆ. ಬಾಸ್ಟನ್, ಸ್ಯಾನ್ ಹೋಸೆ, ಸ್ಯಾನ್ ಡಿಯಾಗೊ ಕಡೆ ಕೊಲೆ ಕಡಿಮೆ, ಬಾಡಿಗೆ ಕಣ್ಣಲ್ಲಿ ನೀರು ತರಿಸುತ್ತದೆ. ಡಲ್ಲಾಸ್‌ಗೆ ಬರುತ್ತೇನೆ ಅನ್ನುವ ಬಹಳ ಜನ ಇರುವುದು ಪ್ಲೇನೋ, ಫ್ರಿಸ್ಕೊ, ಇರ್ವಿಂಗ್‌ನಲ್ಲಿ. ಡಲ್ಲಾಸ್ ಹೆಸರಿನ ಟೆಕ್ಸಸ್ ವಿಶ್ವವಿದ್ಯಾಲಯವೇ ರಿಚರ್ಡ್‌ಸನ್‌ನಲ್ಲಿದೆ. ಅಂಥವರು ಡಲ್ಲಾಸ್ ಅಂಕಿ ನೋಡಿ ಪ್ರಯೋಜನವಿಲ್ಲ, ಆ ಊರುಗಳದ್ದೇ ನೋಡಬೇಕು.

ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ನಾನು ಸೇಂಟ್ ಲೂಯಿಸ್‌ಗೇ ಬಾ ಅಂದೆ, ಮನೆ ಊಟ ಸಿಗುತ್ತೆ ಅಂತ ಆಸೆಯನ್ನೂ ತೋರಿಸಿದೆ. ಅವಳು ಹಾಪ್‌ಕಿನ್ಸ್ ಆರಿಸಿದಳು. "ಚಿಕ್ಕಮ್ಮ, ಗುಂಡೇಟನ್ನ ಖಾಯಿಲೆ ತರ ನೋಡಿ ತಡೆಯೋದು ಹೇಗೆ ಅಂತ ಅಲ್ಲಿ ಕಲಿಸ್ತಾರೆ, ನಂಗೆ ಅದೇ ಬೇಕು," ಅಂದಳು. ಅವಳ ಕಾಲೇಜು ಪೂರ್ವ ಬಾಲ್ಟಿಮೋರ್‌ನಲ್ಲಿ, ನಕ್ಷೆಯಲ್ಲಿ ಕೆಂಪು ಚುಕ್ಕೆ ಜಾಸ್ತಿ ಇರುವ ಕಡೆ. ರೂಮು ಮಾಡಿದ್ದು ಚಾರ್ಲ್ಸ್ ವಿಲೇಜ್‌ನಲ್ಲಿ, ಇನ್ನೊಂದು ಕ್ಯಾಂಪಸ್ಸಿನ ಪಕ್ಕ. ಎರಡರ ನಡುವೆ ವಿಶ್ವವಿದ್ಯಾಲಯದ ಶಟಲ್ ಬಸ್ಸು ಓಡಾಡುತ್ತದೆ.

ಭಾವನ ಶೀಟು ಈಗಲೂ ಇದೆ. 'ಕೊಲೆ' ಕಾಲಂ ತೆಗೆದಿದ್ದಾರೆ. ಆ ಜಾಗದಲ್ಲಿ 'ಕೊನೆ ಬಸ್ಸು' ಅಂತ ಬರೆದು ಪಕ್ಕದಲ್ಲಿ ಸಮಯ ಹಾಕಿದ್ದಾರೆ, ಭಾರತದ ಸಮಯದಲ್ಲಿ. ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾ, ಆ ಹೊತ್ತಾದ ಮೇಲೆ ಮಗಳಿಗೆ ಒಂದು ಮೆಸೇಜ್ ಹಾಕುತ್ತಾರೆ. ಅವಳು ರೂಮಿನ ಬಾಗಿಲ ಫೋಟೋ ಕಳಿಸುತ್ತಾಳೆ.